ಏಳು ಬೀಗದ ಊರಿನ ಕೊನೆಯ ಹಾಳೆ

ಬಳ್ಳಾರಿ, 2407, ಫೆಬ್ರವರಿ 30

ಪೂಜ್ಯ ವಿಶಾಲಾಕ್ಷಮ್ಮನವರಿಗೆ, ನಿಮ್ಮಿಂದ ಹದಿನಾಲ್ಕನೇ ತಲೆಮಾರಿನ ನೀಲಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಕನ್ನಡ ಸೊಟ್ಟಗೆ ಕಂಡರೆ ಕ್ಷಮಿಸಿ, ನಿಮ್ಮ ದಿನಚರಿ ಓದಿ ಓದಿ ಇಷ್ಟು ಕಲಿತೆ. ಈ ಕಾಗದಕ್ಕೆ ಹಿಂದೋಲೆ ಎನ್ನುತ್ತೇವೆ. ಇದು ಹಿಂದಿನವರಿಗೆ ತಲುಪುತ್ತದೆ, ಉತ್ತರ ತರುವುದಿಲ್ಲ. ಒಂದು ಮನೆತನಕ್ಕೆ ಒಂದೇ ಸಿಗುವುದು.

ನಲವತ್ತು ದಾಟಿದ ಮೇಲೆ ಓದುವ ಆಸೆ ಹುಟ್ಟಿದೆ, ಮಾಯೆ ಮಂತ್ರದ ಕಥೆ ಬೇಕು, ಆದರೆ ಒಂದೇ ಪುಸ್ತಕದಲ್ಲಿ ಮುಗಿಯಬೇಕು, ಯಾರನ್ನು ಕೇಳಲಿ ಎಂದು ದಿನಚರಿಯಲ್ಲಿ ಬರೆದಿದ್ದೀರಿ. ನನ್ನನ್ನು ಕೇಳಿ. ಹೊಸ ಓದುಗರಿಗೆ ಪುಸ್ತಕ ಆರಿಸಿಕೊಡುವುದೇ ನನ್ನ ಉದ್ಯೋಗ. ಮೊದಲು ಸಣ್ಣ ಕಥೆ ಹಿಡಿಯಿರಿ. ‘ಉಪ್ಪಿನ ಕುದುರೆ’ ಹನ್ನೊಂದೇ ಪುಟ, ಹೊಳೆ ದಾಟಲೇಬೇಕಾದ ಒಂದು ಉಪ್ಪಿನ ಕುದುರೆಯ ಪಾಡು. ಆಮೇಲೆ ‘ನೆರಳು ಒಗೆಯುವವನು’, ಅದರಲ್ಲಿ ಹೊಟ್ಟೆ ತುಂಬ ನಗಬಹುದು. ಕಾದಂಬರಿ ಬೇಕೆಂದಾಗ ‘ಏಳು ಬೀಗದ ಊರು’. ಹೋದ ವಾರ ನಿಮ್ಮ ತಂಗಿ ಕೊಟ್ಟಿದ್ದಾರಲ್ಲ, ಅದೇ. ಆ ಪ್ರತಿಯೇ ಕೈಯಿಂದ ಕೈಗೆ ದಾಟಿ ನನ್ನವರೆಗೆ ಬಂದಿದೆ. ಬೇರೆ ಪ್ರತಿ ಜಗತ್ತಿನಲ್ಲೇ ಉಳಿದಿಲ್ಲ.

ಈ ಓಲೆ ಬರೆಯುತ್ತಿರುವುದೂ ಅದರ ಸಲುವಾಗಿಯೇ. ನಮ್ಮ ಮನೆಗಳಲ್ಲಿ ಕಥೆಗೋಡೆ ಇರುತ್ತದೆ. ಅದು ಕೇಳುವವರ ಮುಖ ನೋಡಿಕೊಂಡು ಕಥೆ ಬೆಳೆಸುತ್ತದೆ, ಮುಗಿಸುವುದಿಲ್ಲ. ರೊಟ್ಟಿ ತಟ್ಟುತ್ತಾ, ಬಟ್ಟೆ ಮಡಚುತ್ತಾ ಜನ ಕೇಳುತ್ತಾರೆ, ಕೆಲವರು ಅನ್ನ ನೀರು ಬಿಟ್ಟು ಕೇಳುತ್ತಲೇ ಒಣಗಿ ಹೋಗುತ್ತಾರೆ. ಅದಕ್ಕೇ ನಮ್ಮ ಉದ್ಯೋಗದಲ್ಲಿ ಒಂದು ಕಟ್ಟಳೆಯಿದೆ: ಪುಸ್ತಕ ಕೊಡುವ ಮೊದಲು ಕೊನೆಯ ಪುಟವನ್ನು ಓದುಗರ ಎದುರಿಗೇ ಗಟ್ಟಿಯಾಗಿ ಓದಬೇಕು. ಕಥೆ ಮುಗಿಯುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ನನ್ನ ತಮ್ಮ ಪಂಪಣ್ಣ “ಅಕ್ಕಾ, ಕೊನೀದು ಹೇಳಿ ರುಚಿ ಕೆಡಿಸಬ್ಯಾಡ” ಅಂದ. ಒಬ್ಬನೇ ತಮ್ಮ, ಮುದ್ದು ಮಾಡಿದೆ. ಕಟ್ಟಳೆ ಮುರಿದು ‘ಏಳು ಬೀಗದ ಊರು’ ಹಾಗೇ ಕೊಟ್ಟೆ. ಕಥಾನಾಯಕಿ ಹೊನ್ನಿ ಏಳನೇ ಬೀಗಕ್ಕೆ ಕೀಲಿ ಹಾಕುವಲ್ಲಿಗೆ ಪುಸ್ತಕ ನಿಂತುಹೋಗಿತ್ತು. ಕೊನೆಯ ಹಾಳೆಯೇ ಇರಲಿಲ್ಲ. ಮುಂದೇನಾಯಿತೆಂದು ಅವನು ಗೋಡೆಯನ್ನು ಕೇಳಿದ. ಗೋಡೆ ಎಂಟನೇ ಬೀಗ ಕೊಟ್ಟಿತು, ಒಂಬತ್ತನೆಯದು ಕೊಟ್ಟಿತು. ಈಗ ಮೂರು ಸಾವಿರ ದಾಟಿದೆ. ಊಟಕ್ಕೆ ಕರೆದರೆ “ಇನ್ನೊಂದೇ ಬೀಗ ಐತಿ ಅಕ್ಕಾ” ಅನ್ನುತ್ತಾನೆ. ಗೋಡೆ ಆರಿಸಿದರೆ ಉಸಿರು ಕಟ್ಟಿ ಬೀಳುತ್ತಾನೆ. ನಾನೇ ಒಂದು ಕೊನೆ ಬರೆದು ಓದಿದೆ, ಸುಳ್ಳೆಂದು ಮೊದಲ ಸಾಲಿಗೇ ಗುರುತು ಹಿಡಿದ. ಆ ಕೋಣೆಗೆ ಕಾಲಿಡಲು ಈಗ ನನಗೆ ಭಯವಾಗುತ್ತದೆ. ಅವನು ಹತ್ತು ದಿನ ಬದುಕಿದರೆ ಹೆಚ್ಚು ಎಂದಿದ್ದಾರೆ ವೈದ್ಯರು.

ಹಾಳೆ ಹೋದದ್ದು ಎಲ್ಲಿಗೆ ಎಂದು ಹುಡುಕಿದೆ. ಪುಸ್ತಕದ ಹೊಲಿಗೆಯ ಬಳಿ ಬೆರಳಗಲದ ಚೂರು ಉಳಿದಿದೆ, ಅದರ ಅಂಚು ಜೇಬಿನ ತಳದಂತೆ ಬಾಗಿದೆ. ನೀವು ಜೀನ್ಸ್ ಹೊಲಿಯುವವರು. ಜೇಬಿನ ಅಳತೆಯ ಪ್ಯಾಟರ್ನಿಗೆ ಕಾಗದ ಸಾಲದಾದಾಗ ಕೈಗೆ ಸಿಕ್ಕ ಹಾಳೆ ಕತ್ತರಿಸುತ್ತೀರೆಂದು ನೀವೇ ಬರೆದಿದ್ದೀರಿ. ನಿಮ್ಮನ್ನು ದೂರುತ್ತಿಲ್ಲ, ಕೊನೆ ಪುಟ ನೋಡದೆ ಕೊಟ್ಟವಳು ನಾನು.

ಈ ಓಲೆ ನಿಮ್ಮ ಕೈ ಸೇರುವಾಗ ಆ ಹಾಳೆಗೆ ಇನ್ನೂ ಕತ್ತರಿ ಬಿದ್ದಿರುವುದಿಲ್ಲ ಎಂದು ನಂಬಿದ್ದೇನೆ. ಇದನ್ನು ಕಳಿಸಿದ ಮೇಲೆ ನಾನು ಪುಸ್ತಕ ತಿರುವಿ ನೋಡಬೇಕು. ಹಾಳೆ ಇದ್ದರೆ ಕೋಣೆಗೆ ಹೋಗಿ ಗಟ್ಟಿಯಾಗಿ ಓದುತ್ತೇನೆ. ಇಲ್ಲದಿದ್ದರೆ ಏನು ಮಾಡುವುದೋ ನನಗೆ ಗೊತ್ತಿಲ್ಲ.

ತಾಯೀ, ಕತ್ತರಿ ಕೆಳಗಿಡಿ.

ನಿಮ್ಮ ಕುಡಿ,
ನೀಲಾಂಬಿಕೆ