ಈ ನಂಬರಿಗೆ ಮಾಡಬೇಡ

ಅಮ್ಮಾ,

ಹದಿನೆಂಟು ವರ್ಷದಿಂದ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ಕೂತು ಕಿವಿ ಸೋತಿದೆ. ಇವತ್ತು ನನ್ನ ಕೈಕೆಳಗಿನ ಹುಡುಗಿಯೊಬ್ಬಳಿಗೆ ನೋಟಿಸ್ ಕೊಡಬೇಕಿತ್ತು. ತುರ್ತು ಕರೆಯ ಲೈನಿನಲ್ಲಿ ಯಾರೋ ಅಜ್ಜಿಯ ಜೊತೆ ನಾಲ್ಕು ನಿಮಿಷ ಹರಟಿದ್ದಳು. ರೆಕಾರ್ಡಿಂಗ್ ಹಾಕಿ ಕೇಳಿದೆ.

"ಏನಿಲ್ಲಮ್ಮ, ಸುಮ್ನೆ ಮಾಡ್ದೆ."

"ಪರವಾಗಿಲ್ಲ ಅಜ್ಜಿ. ಊಟ ಆಯ್ತಾ?"

ನೋಟಿಸ್ ಬರೆಯಲು ಕೈ ಓಡಲಿಲ್ಲ. ಅವಳನ್ನು ಕರೆದು, "ಇನ್ಮೇಲೆ ಬೇಗ ಮುಗ್ಸಮ್ಮ," ಎಂದೆ.

"ಬೈತೀರ ಅಂದ್ಕೊಂಡಿದ್ದೆ ಸಾರ್," ಎಂದಳು.

ಬೈದು ಗೊತ್ತು ನನಗೆ. ನೀನು ಒಮ್ಮೆ ಇದೇ ನಂಬರಿಗೆ ಮಾಡಿ ಊಟ ಆಯ್ತಾ ಎಂದು ಕೇಳಿದೆ. "ಇದಕ್ಕೆಲ್ಲ ಈ ನಂಬರಿಗೆ ಮಾಡ್ಬೇಡ," ಎಂದು ನಾನು ಗದರಿ ಇಟ್ಟುಬಿಟ್ಟೆ.

ಹೇಳಿದ ಮಾತು ಮೀರುವವಳಲ್ಲ ನೀನು. ಬಚ್ಚಲಲ್ಲಿ ಬಿದ್ದ ದಿನವೂ ಮಾಡಲಿಲ್ಲ. ಫೋನು ನಿನ್ನ ಕೈಯಲ್ಲೇ ಇತ್ತು.