ಬಸರಿ ಕಮಾನಿಗೆ ಬಿಗಿದ ತಂತಿ

೨೫ ಅಕ್ಟೋಬರ್ ೨೦೦೧, ಗುರುವಾರ. ಆಯುಧಪೂಜೆ.

ಪೆನ್ನು ದೇವರ ಮುಂದಿದೆ, ಮುಟ್ಟಿದರೆ ಇವಳು ಬಯ್ಯುತ್ತಾಳೆ. ಮಗಳ ಪೆನ್ಸಿಲ್ ಕದ್ದು ಬರೆಯುತ್ತಿದ್ದೇನೆ. ಬರೆಯದಿದ್ದರೆ ನಿದ್ದೆ ಬರೋಲ್ಲ.

ಕುವೆಂಪುನಗರದ ಪಾರ್ಕಿನ ಬಾಗಿಲಲ್ಲಿ ಎರಡು ಬಸರಿ ಗಿಡ ಬಗ್ಗಿಸಿ, ತುದಿಗೆ ತುದಿ ಸೇರಿಸಿ, ಮಾಲಿ ಮಂಚಮ್ಮನವರೂ ನಾನೂ ಮೂರು ವರ್ಷದಿಂದ ಜೀವಂತ ಕಮಾನು ಬೆಳೆಸುತ್ತಿದ್ದೇವೆ. ಇವತ್ತು ನೋಡಿದರೆ ನಾನು ಬಿಗಿದ ತಂತಿ ತೊಗಟೆಯೊಳಗೆ ಇಳಿದು ಹಾಲು ಒಸರುತ್ತಿತ್ತು. ಬಟ್ಟೆಯಲ್ಲಿ ಕಟ್ಟಿ ಅಂತ ಮಂಚಮ್ಮ ತಂತಿ ಬಿಗಿಯುವಾಗಲೇ ಹೇಳಿದ್ದರು. ಬಟ್ಟೆ ನೋಡೋಕೆ ಚೆನ್ನಾಗಿರೋಲ್ಲ ಅಂದಿದ್ದೆ. ಡ್ರಾಯಿಂಗ್ ಮೇಷ್ಟ್ರ ಕೊಬ್ಬು!

ತಂತಿ ಬಿಡಿಸೋಕೆ ಮಂಚಮ್ಮನವರ ಹತ್ತಿರ ಇಕ್ಕಳ ಕೇಳಿದೆ. ಕತ್ತರಿ, ಕುಡುಗೋಲು, ಇಕ್ಕಳ ಎಲ್ಲ ಕುಂಕುಮ ಇಟ್ಟುಕೊಂಡು, ಚೆಂಡುಹೂವು ಮುಡಿದು ಸಾಲಾಗಿ ಕೂತಿದ್ದವು.

"ಪೂಜೆಗಿಟ್ಟಿರದ್ನ ಇವತ್ತು ಮುಟ್ಟಂಗಿಲ್ಲ ಮೇಷ್ಟ್ರೇ."

"ಹಾಗಂತ ನಾಳೆವರೆಗೂ ಅದು ನೋಯ್ತಾ ಇರಬೇಕಾ?"

"ಕೈಗೇನು ಪೂಜೆ ಮಾಡಿಲ್ವಲ್ಲ, ಬುಡಿ ಅತ್ಲಾಗೆ."

ಸ್ಟೂಲು ಹತ್ತಿ ಅರ್ಧ ಗಂಟೆ ಉಗುರಿನಲ್ಲೇ ತಂತಿ ಬಿಡಿಸಿದರು. ಬೆರಳು ಕುಯ್ದುಕೊಂಡರೂ ನನ್ನನ್ನು ಹತ್ತಿರ ಸೇರಿಸಲಿಲ್ಲ. ತಲೆಗೆ ಸುತ್ತಿದ್ದ ನೀಲಿ ಬಟ್ಟೆ ಹರಿದು ಸಡಿಲವಾಗಿ ಕಟ್ಟಿದರು. ಆಮೇಲೆ ಇಳಿದು, ಎರಡು ಗಿಡಕ್ಕೂ ಕುಂಕುಮ ಹಚ್ಚಿ ಹೇಳಿದರು:

"ಈಗ ಇವೂ ಪೂಜೆಗೆ ಕೂತವೆ. ಮುಟ್ಟಬ್ಯಾಡಿ."

ಮುಟ್ಟಲಿಲ್ಲ. ಸ್ಕೂಟರ್ ಹತ್ತುವಾಗ ಒಂದು ಸಲ ತಿರುಗಿ ನೋಡಿದೆ. ಹಸಿರಿನ ನಡುವೆ ಆ ನೀಲಿ ಚಿಂದಿ ಚೆನ್ನಾಗೇ ಕಾಣುತ್ತೆ, ಹಾಳಾದ್ದು.

ಬೆಳಿಗ್ಗೆ ಹೋದವನು ಮೊದಲು ಮಂಚಮ್ಮನವರ ಬೆರಳು ನೋಡಬೇಕು, ಕಮಾನು ಆಮೇಲೆ. ಪೆನ್ಸಿಲ್ ಮೊಂಡಾಯಿತು. ಚೂಪು ಮಾಡೋಣವೆಂದರೆ ಇವಳು ಬ್ಲೇಡಿಗೂ ಕುಂಕುಮ ಇಟ್ಟಿದ್ದಾಳೆ.