ಫಕೀರವ್ವನ ಪಾಲಿನ ಬಿಸಿ

ಧಾರವಾಡ, ಮರುಹಸಿರಿನ ಶಕೆ ೯೪, ನೀರು ತುಂಬುವ ಹಬ್ಬ ಕಳೆದ ಮೂರನೆಯ ದಿನ. ನಿಮ್ಮ ಎಣಿಕೆಯಲ್ಲಿ ೨೧೭೩.

ಬಚ್ಚಲೊಲೆಗೆ ಹೊಗೆಗೂಡು ಕಟ್ಟಿಸಲು ಇಟ್ಟಿಗೆ ಇಳಿಸಿಕೊಂಡಿರುವ ಮುತ್ತಜ್ಜ ಅಡಿವೆಪ್ಪನವರಿಗೆ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ಇಂದ್ರವ್ವ ಮಾಡುವ ಶರಣಾರ್ಥಿಗಳು. ನನ್ನ ಕೆಲವು ಮಾತು ನಿಮಗೆ ಅನ್ನದಲ್ಲಿ ಕಲ್ಲು ಸಿಕ್ಕಂತಾದರೆ ಕ್ಷಮಿಸಿ. ಇಷ್ಟು ವರ್ಷದಲ್ಲಿ ಮಾತಿಗೂ ಮೊಮ್ಮಕ್ಕಳಾಗಿವೆ. ಕಾಗದ ಹಿಂದಿನ ಕಾಲಕ್ಕೆ ಹೇಗೆ ಹೋಗುತ್ತದೆಂದು ಕೇಳಬೇಡಿ. ಹಿಂಟಪಾಲಿನ ಡಬ್ಬಿಗೆ ಹಾಕಿದರೆ ಮುಟ್ಟುತ್ತದೆ ಎನ್ನುತ್ತಾರೆ, ಹಾಕುತ್ತಿದ್ದೇನೆ.

ನಮ್ಮ ಕಾಲದಲ್ಲಿ ಕಟ್ಟಿಗೆ ಒಲೆ ಬಡತನದ ಗುರುತಲ್ಲ. ನೀವು ಕಾರು ನಿಲ್ಲಿಸುತ್ತಿದ್ದ ಜಾಗದಲ್ಲೆಲ್ಲ ಈಗ ಓಣಿತೋಪುಗಳಿವೆ. ಅಲ್ಲಿ ಸವರಿದ ಕೊಂಬೆಗಳನ್ನು ಮನೆಮನೆಗೆ ಹಂಚುತ್ತಾರೆ. ಚಳಿಯೂ ನಿಮ್ಮ ಕಾಲದ್ದಲ್ಲ. ಈಗ ದೀಪಾವಳಿಯ ಹೊತ್ತಿಗೆ ಎಮ್ಮೆಯೂ ಕಂಬಳಿ ಕೇಳುತ್ತದೆ. ಹಾಗಾಗಿ ಹಬ್ಬಕ್ಕೆ ಹಂಡೆ ತಿಕ್ಕಿ, ಕೊರಳಿಗೆ ಹಿಂಡಲ ಬಳ್ಳಿ ಸುತ್ತಿ, ನೀರು ತುಂಬಿ ಒಲೆ ಹೊತ್ತಿಸುವುದೆಂದರೆ ನನಗೆ ಎಲ್ಲಿಲ್ಲದ ಸಡಗರ.

ನಿಮ್ಮ ಹೊಗೆಗೂಡು ನಮ್ಮ ಮತ್ತು ಪಕ್ಕದ ಮನೆಯ ನಡುಗೋಡೆಯಲ್ಲೇ ನಿಂತಿದೆ. ಆಚೆ ಇರುವವಳು ನಿಮ್ಮ ನೆರೆಯ ಕಲ್ಲಪ್ಪನವರ ವಂಶದ ಫಕೀರವ್ವ. ಗಟಾರದಿಂದ ಹಿಡಿದು ಬೆಕ್ಕಿನವರೆಗೆ ಎಲ್ಲದಕ್ಕೂ ನನಗೂ ಆಕೆಗೂ ಎಣ್ಣೆ ಸೀಗೆಕಾಯಿ. ಆದರೆ ನಾನು ಒಲೆ ಹೊತ್ತಿಸಿದ ಕೂಡಲೇ ಆಚೆ ಮಣೆ ಎಳೆದ ಸದ್ದು ಕೇಳುತ್ತಿತ್ತು. ಬಿಸಿಯಾದ ಗೋಡೆಗೆ ಆಕೆ ನೋಯುವ ಬೆನ್ನು ಆನಿಸಿ ಕೂರುತ್ತಿದ್ದಳು, ಪಕ್ಕದಲ್ಲಿ ಹೆಪ್ಪು ಹಾಕಿದ ಹಾಲಿನ ಗಡಿಗೆ ಇಡುತ್ತಿದ್ದಳು. ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ.

ಈ ಸಲ ಹಬ್ಬಕ್ಕೆ ಮುಂಚೆ ಉಸಿರುನೋಟಗಾರ ಬಂದ. ಓಣಿಯ ಗಾಳಿ ಪರೀಕ್ಷಿಸುವುದು ಅವನ ಕೆಲಸ. ಅವನ ಕೈಯ ಗಾಜಿನ ಮಣಿ ನನ್ನ ಕಡೆ ತಣ್ಣಗಿತ್ತು, ಫಕೀರವ್ವನ ಕಡೆ ಕೆಂಪಾಯಿತು. ಹಳೆಯ ಗಾರೆಯ ಬಿರುಕಿನಲ್ಲಿ ಹೊಗೆಯ ವಿಷ ಆಕೆಯ ಕೋಣೆಗೆ ಸೋರುತ್ತಿತ್ತು. ಆಕೆ ಕೆಮ್ಮನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಗೋಡೆಗೆ ಬೆನ್ನು ಕಾಯಿಸಿಕೊಳ್ಳುತ್ತಿದ್ದಳು. ಗೂಡಿನೊಳಗೆ ಉಕ್ಕಿನ ಕೊಳವೆ ಇಳಿಸಿದರೆ ಸೋರಿಕೆ ನಿಲ್ಲುತ್ತದೆ, ಆದರೆ ಬಿಸಿಯೆಲ್ಲ ನೇರ ಆಕಾಶಕ್ಕೆ ಹೋಗಿ ಗೋಡೆ ತಣ್ಣಗಾಗುತ್ತದೆ ಎಂದ. ಇಳಿಸದಿದ್ದರೆ ಒಲೆ ಹೊತ್ತಿಸುವಂತಿಲ್ಲ.

ಸುದ್ದಿ ಕೇಳಿ ಫಕೀರವ್ವ ಕಟ್ಟೆಗೆ ಬಂದು ನಿಂತಳು. "ಹೊಗಿ ನಿಮ್ದು, ಒಲಿ ನಿಮ್ದು, ಖರೆ. ಗ್ವಾಡಿ ಬಿಸಿ ಯಾರ್ದು? ನನ್ನ ಬೆನ್ನ ಎಲ್ಲಿ ಆನಸ್ಲಿ?" ಆಕೆಯ ಬೆನ್ನು ಕಾಯಬೇಕೋ ಉಸಿರು ಕಾಯಬೇಕೋ ಎಂದು ಎರಡು ದಿನ ಒದ್ದಾಡಿದೆ. ಕಡೆಗೆ ಕೊಳವೆ ಇಳಿಸಿದೆ. ಆಕೆ ಮಾತು ಬಿಟ್ಟಳು. ಜಗಳವಿಲ್ಲದೆ ನನ್ನ ಮನೆ ಬಿಕೋ ಎಂದಿತು, ಅಜ್ಜಾ.

ಹಬ್ಬದ ಬೆಳಗ್ಗೆ ಒಲೆ ಹೊತ್ತಿಸಿದೆ. ಆಚೆ ಮಣೆಯ ಸದ್ದಿಲ್ಲ. ಕರೆಯಲೆಂದು ಎದ್ದು ಬಾಗಿಲು ತೆಗೆದರೆ, ಆಕೆಯೇ ಕಂಕುಳಲ್ಲಿ ಮಣೆ, ಕೈಯಲ್ಲಿ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದಳು. "ಬಿಸಿ ಇತ್ತಾಗ ಉಳೀತು. ನಾನೂ ಇತ್ತಾಗ ಬಂದೆ" ಎಂದು ನನ್ನನ್ನು ಸರಿಸಿ ಒಳಗೆ ನಡೆದಳು. ನನ್ನ ನೆತ್ತಿಗೆ ಎಣ್ಣೆ ಒತ್ತುತ್ತ ಗಟಾರದ ಹಳೆಯ ಜಗಳ ಶುರುಮಾಡಿದಳು. ಸಂತೋಷಕ್ಕೆ ನನ್ನ ಕಣ್ಣು ತುಂಬಿದವು. ಎಣ್ಣೆ ಇಳಿಯಿತೆಂದು ಸುಳ್ಳು ಹೇಳಿದೆ. ಅಂದಿನಿಂದ ದಿನಾ ಬರುತ್ತಾಳೆ. ಕಟ್ಟಿಗೆ ಒಟ್ಟುವುದು ಆಕೆ, ಬೈಯುವುದು ಆಕೆ. ನನ್ನ ಒಲೆಯ ಮುಂದೆ ನಾನೇ ಬೀಗಿತ್ತಿ.

ಇನ್ನು ನನ್ನ ಬೇಡಿಕೆ. ಗೂಡನ್ನು ಒಂದು ಗೇಣು ಹೆಚ್ಚು ಅಗಲ ಮಾಡಿಸಿ. ಕೊಳವೆ ಇಳಿಸುವಾಗ ಪ್ರಾಣ ಹೋಗಿ ಬಂತು. ಇನ್ನೊಂದು ದೊಡ್ಡದು. ನಿಮ್ಮ ಇಟ್ಟಿಗೆ, ನಿಮ್ಮ ಗಾರೆ, ಗೂಡು ನಿಮ್ಮ ಹಿತ್ತಲ ಗೋಡೆಯಲ್ಲೇ ಇರಲೆಂದು ನೀವೂ, ನಡುಗೋಡೆಯಲ್ಲಿ ಕಟ್ಟಿದರೆ ತಮಗೂ ಬಿಸಿ ಸಿಗುತ್ತದೆಂದು ಕಲ್ಲಪ್ಪನವರೂ ಈಗ ಕಿತ್ತಾಡುತ್ತಿದ್ದೀರಂತೆ. ನ್ಯಾಯ ನಿಮ್ಮ ಕಡೆಯೇ ಇದೆ, ಅಜ್ಜಾ. ದಯವಿಟ್ಟು ಸೋತುಬಿಡಿ.